ಔಷಧದ ಪೊಟ್ಟಣಕ್ಕೆ ಎಲೆಕ್ಟ್ರಾನಿಕ್ ಟ್ಯಾಗ್: ಜಾಡು ಹಿಡಿಯುವ, ಅಸಲಿತನ ಪರೀಕ್ಷಿಸುವ ವ್ಯವಸ್ಥೆಯನ್ನು ಕಟ್ಟುವ ಬಗೆ

2009ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಲೆವೆಮಿರ್ ಎಂಬ ಇನ್ಸುಲಿನ್‌ನ ಸುಮಾರು 1,29,000 ಸೀಸೆಗಳು ಕಳವಾದವು. ಕೆಲವೇ ತಿಂಗಳಲ್ಲಿ ಅವುಗಳಲ್ಲಿ ಒಂದಿಷ್ಟು ಮತ್ತೆ ಮಾರುಕಟ್ಟೆಗೆ ನುಸುಳಿದವು. ಚುಚ್ಚಿಕೊಂಡರೂ ರಕ್ತದ ಸಕ್ಕರೆ ಹತೋಟಿಗೆ ಬರುತ್ತಿಲ್ಲ ಎಂಬ ದೂರು ಬಂದ ಮೇಲೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಜನರನ್ನು ಎಚ್ಚರಿಸಿತು. ಆ ಸೀಸೆಗಳಲ್ಲಿ ನಕಲಿ ಎನ್ನುವಂಥದ್ದು ಏನೂ ಇರಲಿಲ್ಲ. ಕಂಪನಿಯೇ ತುಂಬಿದ ಔಷಧ, ಕಂಪನಿಯದೇ ಲೇಬಲ್. ಆದರೆ ಕಳ್ಳರ ಕೈಯಲ್ಲಿದ್ದಷ್ಟು ದಿನ ಅವು ತಂಪಿನಲ್ಲಿದ್ದವೇ, ಬಿಸಿಲಿನಲ್ಲಿದ್ದವೇ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಯುರೋಪಿನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಒಜೆಂಪಿಕ್ ಎಂಬ ಮಧುಮೇಹದ ಔಷಧದ ಹೆಸರಿನ ನಕಲಿ ಇಂಜೆಕ್ಷನ್ ಪೆನ್ನುಗಳ ಪೆಟ್ಟಿಗೆಗಳ ಮೇಲೆ ಅಸಲಿ ಪೆಟ್ಟಿಗೆಗಳಿಂದ ಎತ್ತಿಕೊಂಡ ಬ್ಯಾಚ್ ಸಂಖ್ಯೆ, ಸರಣಿ ಸಂಖ್ಯೆ, ಚೌಕ ಬಾರ್‌ಕೋಡ್ ಎಲ್ಲವೂ ಇದ್ದವು. ಆದರೆ ಸ್ಕ್ಯಾನ್ ಮಾಡಿದಾಗ ಆ ಸಂಖ್ಯೆಗಳು ನಿಷ್ಕ್ರಿಯವಾಗಿವೆ ಎಂದು ಯುರೋಪಿನ ಕೇಂದ್ರ ದಾಖಲೆ ಹೇಳಿತು. ಮೋಸದ ಸುಳಿವು ಸಿಕ್ಕಿದ್ದು ಹಾಗೆ.

ಈ ಎರಡು ಪ್ರಕರಣಗಳನ್ನು ಎದುರಿಗಿಟ್ಟುಕೊಂಡೇ ಮುಂದಿನ ಮಾತುಗಳನ್ನು ಓದಬೇಕೆಂದು ಕೋರುತ್ತೇನೆ. ರೇಡಿಯೋ ಅಲೆಯಿಂದ ಓದಬಹುದಾದ ಪುಟ್ಟ ಚಿಪ್ ಇರುವ ಟ್ಯಾಗ್ ಅಂಟಿಸಿದ ಮಾತ್ರಕ್ಕೆ ಔಷಧ ಸುರಕ್ಷಿತವಾಗುವುದಿಲ್ಲ. ಟ್ಯಾಗ್ ಪೊಟ್ಟಣದಿಂದ ಬಿಡಿಸಲಾಗದಂತೆ ಕೂತಿರಬೇಕು. ಕೇಳಿದ ಪ್ರಶ್ನೆಗೆ ನಕಲಿ ಚಿಪ್ ಕೊಡಲಾಗದ ಉತ್ತರವನ್ನು ಅದು ಕೊಡಬೇಕು. ಔಷಧ ರೋಗಿಯ ಕೈ ಸೇರಿದ ಕ್ಷಣದಲ್ಲಿ ಅದರ ದಾಖಲೆ ಮುಚ್ಚಬೇಕು. ಮೊದಲ ಎರಡಕ್ಕೆ ಹಣ ಸುರಿಯುವವರು ಬೇಕಾದಷ್ಟು ಸಿಗುತ್ತಾರೆ. ಮೂರನೆಯದನ್ನು ಕೈಬಿಟ್ಟ ವ್ಯವಸ್ಥೆಗಳೇ ಹೆಚ್ಚು. ತಯಾರಿಕಾ ಘಟಕ, ಸಗಟು ಗೋದಾಮು, ಆಸ್ಪತ್ರೆಯ ಔಷಧ ವಿಭಾಗ, ಇವುಗಳಲ್ಲಿ ಎಲ್ಲೇ ಕೆಲಸ ಮಾಡುವವರಿಗೂ ಕೆಳಗಿನ ಹಂತಗಳು ಅನ್ವಯಿಸುತ್ತವೆ. ರೋಗಿಗಳಿಗೆ ಹೇಳಬೇಕಾದದ್ದು ಕೊನೆಯಲ್ಲಿದೆ.

ಹಂತ 1: ಯಾವ ಔಷಧಕ್ಕೆ, ಯಾವ ಪ್ರಶ್ನೆಗೆ?

ಮೊದಲು ಕಾಗದದ ಮೇಲೆ ಎರಡು ಪ್ರಶ್ನೆಗಳನ್ನು ಬರೆದುಕೊಳ್ಳಿ. ಇದು ಅಸಲಿಯೇ? ಇದು ಎಲ್ಲೆಲ್ಲಿ ಹಾದು ಬಂತು? ನಿಮ್ಮ ಪಟ್ಟಿಯಲ್ಲಿರುವ ಒಂದೊಂದು ಔಷಧಕ್ಕೂ ಯಾವ ಪ್ರಶ್ನೆ ಮುಖ್ಯ ಎಂದು ಗುರುತು ಹಾಕಿ. ಕ್ಯಾನ್ಸರ್ ಔಷಧಗಳು, ಹಾರ್ಮೋನ್ ಇಂಜೆಕ್ಷನ್‌ಗಳಂಥ ದುಬಾರಿ ಸರಕಿಗೆ ಮೊದಲನೆಯದು. ಲಸಿಕೆ, ಇನ್ಸುಲಿನ್‌ಗಳಿಗೆ ಎರಡೂ. ಮಾದಕ ಗುಣದ ನೋವುನಿವಾರಕಗಳಿಗೆ ಎರಡನೆಯದು ಹೆಚ್ಚು, ಏಕೆಂದರೆ ಅವು ಕಾಣೆಯಾಗುವುದು ದಾರಿಯಲ್ಲಿ. ಸಾಮಾನ್ಯ ಮಾತ್ರೆಗಳ ಸ್ಟ್ರಿಪ್‌ಗಳಿಗೆ ರೇಡಿಯೋ ಟ್ಯಾಗ್ ಬೇಕಾಗಿಯೇ ಇಲ್ಲ. ಮುದ್ರಿತ ಕೋಡ್ ಸಾಕು.

ಕಾನೂನು ಏನು ಕೇಳುತ್ತದೆ ಎಂಬುದನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2004ರ ಫೆಬ್ರವರಿಯ ವರದಿಯಲ್ಲಿ ರೇಡಿಯೋ ಟ್ಯಾಗ್‌ಗಳ ಮೇಲೆ ದೊಡ್ಡ ಭರವಸೆ ಇಟ್ಟು, 2007ರ ಹೊತ್ತಿಗೆ ಅವು ವ್ಯಾಪಕವಾಗಿ ಬಳಕೆಗೆ ಬರಬಲ್ಲವು ಎಂದು ಎಣಿಸಿತ್ತು. ಫೈಝರ್ ಕಂಪನಿ ಅಮೆರಿಕದಲ್ಲಿ ಮಾರುವ ವಯಾಗ್ರಾ ಬಾಟಲಿಗಳಿಗೆ ಟ್ಯಾಗ್ ಹಾಕುವುದಾಗಿ 2006ರ ಆರಂಭದಲ್ಲಿ ಪ್ರಕಟಿಸಿತು. ಆದರೆ 2013ರ ನವೆಂಬರ್‌ನಲ್ಲಿ ಅಲ್ಲಿ ಜಾರಿಯಾದ ಪೂರೈಕೆ ಸರಪಳಿ ಕಾನೂನು ಪೊಟ್ಟಣದ ಮೇಲೆ ಕೇಳಿದ್ದು ಚೌಕಾಕಾರದ ಡೇಟಾ ಮ್ಯಾಟ್ರಿಕ್ಸ್ ಕೋಡನ್ನು. ಯುರೋಪಿನಲ್ಲಿ 2019ರ ಫೆಬ್ರವರಿ 9ರಿಂದ ಅನ್ವಯವಾದ ನಿಯಮವೂ ಅದನ್ನೇ ಕೇಳುತ್ತದೆ, ಜೊತೆಗೆ ತೆರೆದರೆ ಗೊತ್ತಾಗುವಂಥ ಮುದ್ರೆಯನ್ನು. ಭಾರತದಲ್ಲಿ 2023ರ ಆಗಸ್ಟ್ 1ರಿಂದ ಆಯ್ದ 300 ಬ್ರಾಂಡ್‌ಗಳಿಗೆ ಕಡ್ಡಾಯವಾಗಿರುವುದು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್. ಆದ್ದರಿಂದ ಮುದ್ರಿತ ಕೋಡ್ ಇರಲೇಬೇಕು, ರೇಡಿಯೋ ಟ್ಯಾಗ್ ಅದರ ಜೊತೆಗೆ ಬರಬೇಕು. ಟ್ಯಾಗ್ ಕೆಟ್ಟ ದಿನ ಕೈಹಿಡಿಯುವುದೂ ಆ ಮುದ್ರಿತ ಕೋಡೇ.

ಹಂತ 2: ಟ್ಯಾಗ್‌ನ ಬಗೆಯನ್ನು ಆರಿಸುವುದು

ಔಷಧಗಳಿಗೆ ಬಳಸುವ ಟ್ಯಾಗ್‌ಗಳಲ್ಲಿ ಬಹುಪಾಲು ಬ್ಯಾಟರಿ ಇಲ್ಲದವು. ತೆಳ್ಳನೆಯ ಆಂಟೆನಾ, ಅದರ ನಡುವೆ ಕಾಳಿಗಿಂತ ಸಣ್ಣ ಚಿಪ್. ರೀಡರ್, ಅಂದರೆ ಟ್ಯಾಗ್ ಓದುವ ಯಂತ್ರ, ಬೀರುವ ಅಲೆಯಿಂದಲೇ ಶಕ್ತಿ ಪಡೆದು ಅದು ಉತ್ತರಿಸುತ್ತದೆ. ಆವರ್ತನಕ್ಕೆ ತಕ್ಕಂತೆ ಇವುಗಳಲ್ಲಿ ಎರಡು ಮುಖ್ಯ ಬಗೆಗಳಿವೆ.

13.56 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುವವು ಒಂದು ಬಗೆ. ಮೊಬೈಲಿನ ಎನ್‌ಎಫ್‌ಸಿ (ತಾಗಿಸಿ ಓದುವ ಸೌಲಭ್ಯ) ಸೇರುವುದು ಇಲ್ಲಿಗೆ. ಓದುವ ದೂರ ಕಡಿಮೆ. ಮೊಬೈಲನ್ನಾದರೆ ಕೆಲವೇ ಸೆಂಟಿಮೀಟರ್ ಹತ್ತಿರಕ್ಕೆ ಒಯ್ಯಬೇಕು. ಕಾಂತಕ್ಷೇತ್ರದ ಮೂಲಕ ನಡೆಯುವ ಸಂವಹನವಾದ್ದರಿಂದ ದ್ರವ ಇದಕ್ಕೆ ಅಷ್ಟಾಗಿ ಅಡ್ಡಿಯಾಗದು. ಅಸಲಿತನದ ಪರೀಕ್ಷೆ ರೋಗಿಯ ಕೈಯಲ್ಲೇ ಆಗಬೇಕು ಎನ್ನುವವರಿಗೆ ಇದನ್ನು ಬಿಟ್ಟು ಬೇರೆ ದಾರಿಯಿಲ್ಲ, ಏಕೆಂದರೆ ಸಾಮಾನ್ಯ ಮೊಬೈಲ್ ಓದಬಲ್ಲದ್ದು ಇದನ್ನು ಮಾತ್ರ.

860ರಿಂದ 960 ಮೆಗಾಹರ್ಟ್ಜ್ ನಡುವಿನವು ಇನ್ನೊಂದು ಬಗೆ. ಇವನ್ನು ಯುಎಚ್‌ಎಫ್ ಟ್ಯಾಗ್ ಎನ್ನುತ್ತಾರೆ. ಹಲವು ಮೀಟರ್ ದೂರದಿಂದ, ಒಂದು ಸೆಕೆಂಡಿಗೆ ನೂರಾರು ಟ್ಯಾಗ್‌ಗಳನ್ನು, ಪೆಟ್ಟಿಗೆ ತೆರೆಯದೆಯೇ ಓದಬಹುದು. ಗೋದಾಮಿನ ಬಾಗಿಲು, ಸಾಗಣೆಯ ಬೆಲ್ಟ್, ಆಸ್ಪತ್ರೆಯ ಔಷಧ ತಟ್ಟೆಗಳ ಎಣಿಕೆ, ಇವಕ್ಕೆಲ್ಲ ಇದೇ ತಕ್ಕದ್ದು. ಖರೀದಿಗೆ ಮುನ್ನ ಒಂದು ಎಚ್ಚರಿಕೆ: ಅಮೆರಿಕದಲ್ಲಿ ಅನುಮತಿ ಇರುವುದು 902ರಿಂದ 928 ಮೆಗಾಹರ್ಟ್ಜ್‌ಗೆ, ಯುರೋಪು ಮತ್ತು ಭಾರತದಲ್ಲಿ 865ರ ಆಸುಪಾಸಿಗೆ. ಔಷಧ ಗಡಿ ದಾಟುವುದಾದರೆ ಎರಡೂ ಕಡೆ ಓದಲು ಬರುವ ಆಂಟೆನಾ ಇರುವ ಟ್ಯಾಗನ್ನೇ ಕೇಳಿ ಪಡೆಯಿರಿ.

ಉಷ್ಣಾಂಶ ದಾಖಲಿಸಬೇಕಾದರೆ ಚಿಕ್ಕ ಬ್ಯಾಟರಿ ಇರುವ ಟ್ಯಾಗ್ ಬೇಕು. ಅದನ್ನು ಒಂದೊಂದು ಸೀಸೆಗೂ ಹಾಕುವುದು ದಂಡ. ಸಾಗಣೆಯ ಪೆಟ್ಟಿಗೆಗೆ ಒಂದಿದ್ದರೆ ಸಾಕು.

ಹಂತ 3: ಸಂಖ್ಯೆ ಕೊಡುವುದು

ಇದು ಗುಮಾಸ್ತಿಕೆಯ ಕೆಲಸದಂತೆ ಕಂಡರೂ ಯೋಜನೆಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ಬಾರ್‌ಕೋಡ್ ಮಾನದಂಡಗಳನ್ನು ರೂಪಿಸುವ ಜಿಎಸ್1 ಸಂಸ್ಥೆಯ ಪದ್ಧತಿಯಲ್ಲಿ 14 ಅಂಕಿಗಳ ಜಿಟಿಐಎನ್ ಯಾವ ಔಷಧ, ಯಾವ ಪೊಟ್ಟಣ ಎಂಬುದನ್ನು ಹೇಳುತ್ತದೆ. ಸರಣಿ ಸಂಖ್ಯೆ ಆ ಒಂದೇ ಒಂದು ಪೊಟ್ಟಣವನ್ನು ಗುರುತಿಸುತ್ತದೆ. ಎರಡನ್ನೂ ಸೇರಿಸಿ ಟ್ಯಾಗ್‌ಗೆ ಬರೆಯಲು ಬಳಸುವ 96 ಬಿಟ್‌ಗಳ ರೂಪದಲ್ಲಿ ಸರಣಿ ಸಂಖ್ಯೆಗೆ ಸಿಗುವ ಜಾಗ 38 ಬಿಟ್‌ಗಳು ಮಾತ್ರ. ಅಂದರೆ 274877906943ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ, ಅಕ್ಷರಗಳಿಗೆ ಅವಕಾಶವಿಲ್ಲ, ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯೂ ನಡೆಯದು. ಮುದ್ರಿತ ಕೋಡ್‌ನಲ್ಲಾದರೋ 20ರವರೆಗೆ ಅಕ್ಷರ, ಅಂಕಿಗಳನ್ನು ಬೆರೆಸಬಹುದು. ಮುದ್ರಣ ವಿಭಾಗದವರು ಅಕ್ಷರ ಬೆರೆಸಿ ಸಂಖ್ಯೆ ತಯಾರಿಸಿಬಿಟ್ಟರೆ 96 ಬಿಟ್‌ಗಳ ಟ್ಯಾಗ್‌ನಲ್ಲಿ ಅದನ್ನು ಬರೆಯಲು ಬರುವುದೇ ಇಲ್ಲ. ಆಗ ಉಳಿಯುವುದು 198 ಬಿಟ್‌ಗಳ ರೂಪ. ಆದರೆ ಅಗ್ಗದ ಚಿಪ್‌ಗಳ ಸ್ಮೃತಿಯಲ್ಲಿ ಅಷ್ಟು ಜಾಗ ಇರುವುದಿಲ್ಲ. ಎರಡು ವಿಭಾಗಗಳವರೂ ಒಟ್ಟಿಗೆ ಕೂತು, ಮೊದಲ ದಿನವೇ ಸಂಖ್ಯೆಯ ರೂಪವನ್ನು ಗೊತ್ತುಮಾಡಲಿ.

ಸರಣಿ ಸಂಖ್ಯೆ 1, 2, 3 ಎಂದು ಸಾಲಾಗಿ ಹೋಗಬಾರದು. ಒಂದು ಪೊಟ್ಟಣ ಕೈಗೆ ಸಿಕ್ಕವನು ಮುಂದಿನದನ್ನು ಊಹಿಸಿಬಿಡುತ್ತಾನೆ. ಊಹಿಸಿ ಸರಿಯಾಗುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕೆಂದು ಯುರೋಪಿನ ನಿಯಮ ಹೇಳುತ್ತದೆ. ಅದು ಯಾರು ಬೇಕಾದರೂ ಪಾಲಿಸಬಹುದಾದ ಒಳ್ಳೆಯ ಅಳತೆ.

ಔಷಧದ ಹೆಸರನ್ನಾಗಲೀ ರೋಗಿಯ ಯಾವುದೇ ವಿವರವನ್ನಾಗಲೀ ಟ್ಯಾಗ್‌ನಲ್ಲಿ ಅಕ್ಷರರೂಪದಲ್ಲಿ ಬರೆಯಬೇಡಿ. ಬ್ಯಾಚ್, ಅವಧಿ ಮುಗಿಯುವ ದಿನಾಂಕ ಮೊದಲಾದವು ದತ್ತಸಂಚಯದಲ್ಲಿ ಇರಲಿ. ಟ್ಯಾಗ್‌ಗೆ ಸಂಖ್ಯೆ ಬರೆದ ಕೂಡಲೇ ಅದೇ ಸಾಲಿನಲ್ಲಿ ಟ್ಯಾಗ್ ಮತ್ತು ಮುದ್ರಿತ ಕೋಡ್ ಎರಡನ್ನೂ ಓದಿ ತಾಳೆ ನೋಡುವ ಏರ್ಪಾಡು ಇರಬೇಕು. ತಾಳೆಯಾಗದ ಪೊಟ್ಟಣ ಅಲ್ಲಿಂದಲೇ ಹೊರಗೆ.

ಹಂತ 4: ಎಲ್ಲಿ ಅಂಟಿಸಬೇಕು

ನೀರು ಯುಎಚ್‌ಎಫ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಲೋಹ ಅವನ್ನು ಪ್ರತಿಫಲಿಸಿ ಆಂಟೆನಾದ ಶ್ರುತಿಯನ್ನೇ ಕೆಡಿಸುತ್ತದೆ. ಔಷಧಗಳೆಂದರೆ ಬಹುಪಾಲು ದ್ರವ ಮತ್ತು ಅಲ್ಯೂಮಿನಿಯಂ ಹಾಳೆ. ಹೀಗಾಗಿ ಈ ಹಂತಕ್ಕೆ ಸಮಯ ಕೊಡಿ. ಮಾರಾಟಗಾರರು ತೋರಿಸುವ ಖಾಲಿ ಪೆಟ್ಟಿಗೆಗಳ ಪ್ರದರ್ಶನವನ್ನು ನೋಡಿ ಮರುಳಾಗಬೇಡಿ. ನಿಮ್ಮದೇ ಔಷಧ ತುಂಬಿದ, ನಿಮ್ಮದೇ ರೀತಿಯಲ್ಲಿ ಜೋಡಿಸಿದ ಪೆಟ್ಟಿಗೆಗಳ ಮೇಲೆ ಪರೀಕ್ಷೆ ನಡೆಯಬೇಕು.

ಸೀಸೆಯಾದರೆ ದ್ರವದ ಮಟ್ಟಕ್ಕಿಂತ ಮೇಲಿನ ಖಾಲಿ ಜಾಗದ ಹತ್ತಿರ ಟ್ಯಾಗ್ ಬರುವಂತೆ ನೋಡಿಕೊಳ್ಳಿ. ಅಷ್ಟು ಜಾಗವಿಲ್ಲದಿದ್ದರೆ ಲೇಬಲ್‌ನ ಒಂದು ಅಂಚು ಬಾವುಟದಂತೆ ಹೊರಚಾಚಿ ನಿಲ್ಲುವ ವಿನ್ಯಾಸಗಳಿವೆ, ಅಥವಾ 13.56 ಮೆಗಾಹರ್ಟ್ಜ್‌ನ ಟ್ಯಾಗ್‌ಗೆ ಹೋಗಬಹುದು. ಸ್ಟ್ರಿಪ್‌ಗಳಿರುವ ಪೆಟ್ಟಿಗೆಯಲ್ಲಿ ಟ್ಯಾಗ್ ಇರುವ ಬದಿಗೂ ಅಲ್ಯೂಮಿನಿಯಂ ಹಾಳೆಗೂ ನಡುವೆ ಒಂದಿಷ್ಟು ಅಂತರ ಬೇಕು. ಪೆಟ್ಟಿಗೆಯೊಳಗಿನ ಮಾಹಿತಿ ಕಾಗದವನ್ನು ಮಡಿಸಿ ಆ ಬದಿಗೆ ಸೇರಿಸುವುದು ಸುಲಭದ ಉಪಾಯ. ಪರೀಕ್ಷಿಸುವಾಗ ಕಾರ್ಟನ್‌ನ ನಟ್ಟನಡುವಿನ ಪೊಟ್ಟಣವನ್ನೇ ಗುರಿಯಾಗಿಟ್ಟುಕೊಳ್ಳಿ. ಅಂಚಿನವು ಎಲ್ಲ ವ್ಯವಸ್ಥೆಗಳಲ್ಲೂ ಸಲೀಸಾಗಿ ಓದಿಸಿಕೊಳ್ಳುತ್ತವೆ.

ಕ್ರಿಮಿನಾಶಕ್ಕೆ ಗಾಮಾ ಕಿರಣ ಬಳಸುವ ಔಷಧವಾದರೆ ಇನ್ನೊಂದು ತೊಡಕಿದೆ. ಸಾಮಾನ್ಯ ಚಿಪ್‌ಗಳ ಸ್ಮೃತಿಯನ್ನು ಆ ಕಿರಣ ಅಳಿಸಿಹಾಕಬಲ್ಲದು. ಅದನ್ನು ತಾಳುವ ವಿಶೇಷ ಚಿಪ್ ಕೊಳ್ಳಿ, ಇಲ್ಲವೇ ಕ್ರಿಮಿನಾಶದ ನಂತರ ಟ್ಯಾಗ್ ಹಾಕಿ.

ರೇಡಿಯೋ ಅಲೆ ಔಷಧವನ್ನು ಬಿಸಿಮಾಡಿ ಕೆಡಿಸುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಮೆರಿಕದ ಆಡಳಿತ 2004ರ ನವೆಂಬರ್‌ನಲ್ಲಿ ಪ್ರಾಯೋಗಿಕ ಟ್ಯಾಗ್ ಯೋಜನೆಗಳಿಗೆ ಸಡಿಲಿಕೆ ಕೊಟ್ಟಾಗ ಜೈವಿಕ ಔಷಧಗಳನ್ನು ಹೊರಗಿಟ್ಟಿತ್ತು. ನಿಮ್ಮ ಪಟ್ಟಿಯಲ್ಲಿ ಪ್ರೋಟೀನ್ ಆಧಾರಿತ ಔಷಧಗಳಿದ್ದರೆ, ವಾಸ್ತವದಲ್ಲಿ ತಗಲುವುದಕ್ಕಿಂತ ಹೆಚ್ಚು ಹೊತ್ತು ರೀಡರ್ ಎದುರು ಇಟ್ಟು ಗುಣಮಟ್ಟ ವಿಭಾಗದಿಂದ ಪರೀಕ್ಷೆ ಮಾಡಿಸಿ, ವರದಿಯನ್ನು ಕಡತದಲ್ಲಿಡಿ. ಲೇಬಲ್‌ನ ಅಂಟು ಬದಲಾದರೆ, ಅದೂ ಪ್ಲಾಸ್ಟಿಕ್ ಸೀಸೆಯಾಗಿದ್ದರೆ, ಅಂಟಿನ ಅಂಶ ಔಷಧಕ್ಕೆ ಇಳಿಯುತ್ತದೆಯೇ ಎಂಬ ಪರೀಕ್ಷೆಯೂ ಸೇರಬೇಕು.

ಹಂತ 5: ಟ್ಯಾಗನ್ನು ಔಷಧಕ್ಕೆ ಬೆಸೆಯುವುದು

ಮೋಸಗಾರನಿಗೆ ಚಿಪ್ ಭೇದಿಸುವ ಅಗತ್ಯವೇ ಇಲ್ಲ. ಆಸ್ಪತ್ರೆಯ ಕಸದಿಂದ ಖಾಲಿ ಸೀಸೆ ಹೆಕ್ಕಿ, ಅದಕ್ಕೆ ಉಪ್ಪುನೀರು ತುಂಬಿದರೆ ಅಸಲಿ ಟ್ಯಾಗ್ ಇರುವ ನಕಲಿ ಔಷಧ ಸಿದ್ಧ. ಟ್ಯಾಗನ್ನು ಬಿಸಿಗಾಳಿಯಿಂದ ಮೆಲ್ಲಗೆ ಬಿಡಿಸಿ ಇನ್ನೊಂದು ಸೀಸೆಗೆ ಅಂಟಿಸುವುದು ಇನ್ನೂ ಸುಲಭ. ಈ ಎರಡನ್ನೂ ತಡೆಯದ ವ್ಯವಸ್ಥೆ ಎಷ್ಟೇ ಗಟ್ಟಿಯಾದ ಗೂಢಲಿಪಿ ಬಳಸಿದರೂ ವ್ಯರ್ಥ.

ಆದ್ದರಿಂದ ಕೀಳಲು ಹೋದರೆ ಆಂಟೆನಾ ಹರಿಯುವಂಥ ತೆಳುವಾದ ಹಾಳೆಯ ಮೇಲಿನ ಟ್ಯಾಗನ್ನೇ ಆರಿಸಿ. ಇನ್ನೂ ಒಳ್ಳೆಯದೆಂದರೆ ಮುಚ್ಚಳ ಮತ್ತು ಸೀಸೆ ಎರಡನ್ನೂ ದಾಟಿ ಹೋಗುವ ಎಳೆಯಿರುವ ಟ್ಯಾಗ್. ಮುಚ್ಚಳ ತಿರುಗಿಸಿದೊಡನೆ ಎಳೆ ತುಂಡಾಗುತ್ತದೆ. ಕೆಲವು ಚಿಪ್‌ಗಳು ಆಗ ಸಾಯುತ್ತವೆ. ಇನ್ನು ಕೆಲವು ಬದುಕಿದ್ದು ‘ನನ್ನನ್ನು ತೆರೆದಿದ್ದಾರೆ’ ಎಂಬ ಗುರುತನ್ನು ಶಾಶ್ವತವಾಗಿ ಬರೆದುಕೊಳ್ಳುತ್ತವೆ. ನನ್ನ ಮತ ಎರಡನೆಯದಕ್ಕೆ. ಸತ್ತ ಟ್ಯಾಗ್ ಏನನ್ನೂ ಹೇಳದು. ತೆರೆದದ್ದನ್ನು ಒಪ್ಪಿಕೊಳ್ಳುವ ಟ್ಯಾಗ್ ಮುಂದಿನ ತನಿಖೆಗೂ ನೆರವಾಗುತ್ತದೆ.

ಟ್ಯಾಗ್ ಹೊರಗಿನ ಕಾಗದದ ಪೆಟ್ಟಿಗೆಯ ಮೇಲೆ ಮಾತ್ರ ಇದ್ದರೆ ಅದು ಪೆಟ್ಟಿಗೆಯ ಬಗ್ಗೆ ಮಾತ್ರ ಸಾಕ್ಷಿ ಹೇಳೀತು. ಚುಚ್ಚುಮದ್ದಿನ ಸೀಸೆ ಆಸ್ಪತ್ರೆಯಲ್ಲಿ ಪೆಟ್ಟಿಗೆಯಿಂದ ಹೊರಬಂದ ಮೇಲೆ ಒಂಟಿಯಾಗಿ ಓಡಾಡುತ್ತದೆ. ಅಂಥ ಕಡೆ ಸೀಸೆಯ ಲೇಬಲ್‌ನೊಳಗೇ ಟ್ಯಾಗ್ ಇರಬೇಕು. ಫ್ರೆಸೆನಿಯಸ್ ಕಾಬಿಯಂಥ ಕಂಪನಿ 2020ರಿಂದ ಕೆಲವು ಔಷಧಗಳನ್ನು ಹೀಗೆಯೇ ಕಳಿಸುತ್ತಿದೆ. ಆಸ್ಪತ್ರೆಯ ಸಿಬ್ಬಂದಿ ಕೂತು ಒಂದೊಂದಕ್ಕೂ ಟ್ಯಾಗ್ ಅಂಟಿಸುವ ಪದ್ಧತಿಗಿಂತ ಇದು ಎಷ್ಟೋ ಮೇಲು. ಕೈಯಿಂದ ಅಂಟಿಸುವಾಗ ಒಂದರ ಟ್ಯಾಗ್ ಇನ್ನೊಂದಕ್ಕೆ ಹೋಗುವ ಅಪಾಯ ಇದ್ದೇ ಇರುತ್ತದೆ.

ಹಂತ 6: ಅಸಲಿತನದ ಪ್ರಶ್ನೆ ಕೇಳುವುದು

ಟ್ಯಾಗ್‌ನಲ್ಲಿರುವ ಸಂಖ್ಯೆಯನ್ನು ಓದುವುದಕ್ಕೂ ಟ್ಯಾಗ್ ಅಸಲಿಯೆಂದು ದೃಢಪಡಿಸುವುದಕ್ಕೂ ಬಹಳ ಅಂತರವಿದೆ. ಸಂಖ್ಯೆಯನ್ನು ಯಾರು ಬೇಕಾದರೂ ಓದಿ, ಖಾಲಿ ಟ್ಯಾಗ್ ಕೊಂಡು, ಅದೇ ಸಂಖ್ಯೆಯನ್ನು ಬರೆಯಬಹುದು. ಚಿಪ್ ತಯಾರಕರು ಕಾರ್ಖಾನೆಯಲ್ಲೇ ಬರೆದು ಬೀಗ ಹಾಕುವ ಇನ್ನೊಂದು ಸಂಖ್ಯೆ ಇರುತ್ತದೆ. ಅದನ್ನು ಟಿಐಡಿ ಎನ್ನುತ್ತಾರೆ. ನಿಮ್ಮ ಸರಣಿ ಸಂಖ್ಯೆ ಮತ್ತು ಟಿಐಡಿಯ ಜೋಡಿಯನ್ನು ದತ್ತಸಂಚಯದಲ್ಲಿ ಇಟ್ಟುಕೊಂಡರೆ ಸುಲಭದ ನಕಲುಗಳು ಸಿಕ್ಕಿಬೀಳುತ್ತವೆ. ಖರ್ಚಿಲ್ಲದ ಉಪಾಯವಾದ್ದರಿಂದ ಇದನ್ನು ಬಿಡಲೇಬಾರದು. ಆದರೆ ಟಿಐಡಿಯನ್ನೂ ಅನುಕರಿಸುವ ಸಾಧನಗಳಿವೆ, ಹಾಗಾಗಿ ಇದೊಂದನ್ನೇ ನೆಚ್ಚಿ ಕೂರಬೇಡಿ.

ಗಟ್ಟಿಯಾದ ದಾರಿ ಗೂಢಲಿಪಿಯದು. ಚಿಪ್‌ನೊಳಗೆ ಹೊರಗೆ ಓದಲಾಗದ ಒಂದು ಗುಪ್ತ ಕೀಲಿ ಇರುತ್ತದೆ. ರೀಡರ್ ಪ್ರತಿಸಲವೂ ಹೊಸದೊಂದು ಯಾದೃಚ್ಛಿಕ ಸಂಖ್ಯೆಯನ್ನು ಕಳಿಸುತ್ತದೆ. ಚಿಪ್ ಅದನ್ನು ಕೀಲಿಯೊಡನೆ ಸಂಸ್ಕರಿಸಿ ಉತ್ತರ ಕೊಡುತ್ತದೆ. ಕೀಲಿ ಇಲ್ಲದ ನಕಲಿಗೆ ಸರಿಯುತ್ತರ ಬಾರದು. ನಿನ್ನೆ ಕದ್ದು ಕೇಳಿದ ಉತ್ತರ ಇಂದಿನ ಪ್ರಶ್ನೆಗೆ ಹೊಂದದು. ಯುಎಚ್‌ಎಫ್ ಟ್ಯಾಗ್‌ಗಳ ಮಾನದಂಡಕ್ಕೆ 2013ರ ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು, ಆದರೆ ಐಚ್ಛಿಕವಾಗಿ. ಚಿಪ್ ಕೊಳ್ಳುವಾಗ ಈ ಸೌಲಭ್ಯ ಇದೆಯೇ ಎಂದು ಲಿಖಿತವಾಗಿ ಕೇಳಿ.

ಎನ್‌ಎಫ್‌ಸಿಯಲ್ಲಿ ಎನ್‌ಟ್ಯಾಗ್ 424 ಡಿಎನ್‌ಎ ಮಾದರಿಯ ಚಿಪ್‌ಗಳು ಎಇಎಸ್ ಎಂಬ ಗೂಢಲಿಪಿ ಪದ್ಧತಿಯ 128 ಬಿಟ್‌ಗಳ ಕೀಲಿ ಬಳಸಿ, ಮೊಬೈಲ್ ಮುಟ್ಟಿಸಿದಾಗಲೆಲ್ಲ ಹೊಸದೊಂದು ಜಾಲತಾಣ ವಿಳಾಸವನ್ನು ಹೊರಡಿಸುತ್ತವೆ. ಆ ವಿಳಾಸದೊಳಗೆ ಎಷ್ಟನೆಯ ಸಲ ಮುಟ್ಟಿಸಿದ್ದು ಎಂಬ ಎಣಿಕೆಯೂ ಅದನ್ನು ದೃಢಪಡಿಸುವ ಸಂಕೇತವೂ ಇರುತ್ತವೆ. ವಿಳಾಸವನ್ನು ನಕಲು ಮಾಡಿ ಇನ್ನೊಂದು ಟ್ಯಾಗ್‌ಗೆ ಹಾಕಿದರೆ ಎಣಿಕೆ ಮುಂದೆ ಸರಿಯದೆ ನಿಂತುಬಿಡುತ್ತದೆ. ಸರ್ವರ್ ಅದನ್ನು ತಿರಸ್ಕರಿಸುತ್ತದೆ. ರೋಗಿಗೆ ಬೇರೆ ಆ್ಯಪ್ ಬೇಕಾಗುವುದಿಲ್ಲ.

ಕೀಲಿಗಳ ವಿಷಯದಲ್ಲಿ ಎರಡು ನಿಯಮಗಳನ್ನು ಯಾವ ಒತ್ತಡಕ್ಕೂ ಸಡಿಲಿಸಬೇಡಿ. ಎಲ್ಲ ಟ್ಯಾಗ್‌ಗಳಿಗೂ ಒಂದೇ ಕೀಲಿ ಇರಕೂಡದು. ಮೂಲ ಕೀಲಿಯಿಂದ ಪ್ರತಿ ಚಿಪ್‌ಗೂ ಬೇರೆಯದನ್ನು ಹುಟ್ಟಿಸಬೇಕು. ಮೂಲ ಕೀಲಿ ಯಾವ ರೀಡರ್‌ನಲ್ಲೂ, ಯಾರ ಲ್ಯಾಪ್‌ಟಾಪಿನಲ್ಲೂ ಇರಕೂಡದು; ಅದಕ್ಕೆಂದೇ ಇರುವ ಭದ್ರ ಸಾಧನದೊಳಗೆ ಇರಬೇಕು. ಒಬ್ಬ ಗುತ್ತಿಗೆದಾರನ ಲ್ಯಾಪ್‌ಟಾಪ್ ಕಳವಾದರೆ ಇಡೀ ಉತ್ಪನ್ನದ ಅಸಲಿತನವೇ ಕಳವಾದಂತಾಗುವ ಸ್ಥಿತಿಯನ್ನು ಯಾರೂ ತಂದುಕೊಳ್ಳಬಾರದು. ಟ್ಯಾಗ್‌ಗಳ ಸ್ಮೃತಿಗೆ ಬೀಗ ಹಾಕುವ 32 ಬಿಟ್‌ಗಳ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದಾಗ ಸಾಮಾನ್ಯವಾಗಿ ಬರೀ ಸೊನ್ನೆಗಳಾಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟ ಟ್ಯಾಗ್‌ನಲ್ಲಿ ಯಾರು ಬೇಕಾದರೂ ತಮ್ಮ ಸಂಖ್ಯೆ ಬರೆಯಬಹುದು.

ಹಂತ 7: ದಾರಿಯುದ್ದಕ್ಕೂ ಬರೆದಿಡುವುದು

ಪೊಟ್ಟಣ ಕಾರ್ಟನ್‌ಗೆ, ಕಾರ್ಟನ್ ಹಲಗೆಯ ಮೇಲಿನ ರಾಶಿಗೆ ಸೇರುತ್ತದೆ. ಯಾವುದರೊಳಗೆ ಯಾವುದಿದೆ ಎಂಬುದನ್ನು ದಾಖಲಿಸಿ, ಕಾರ್ಟನ್‌ಗೂ ರಾಶಿಗೂ 18 ಅಂಕಿಗಳ ಎಸ್‌ಎಸ್‌ಸಿಸಿ ಸಂಖ್ಯೆ ಕೊಡಿ. ಒಡೆದ ಸೀಸೆಗೆ ಬದಲಾಗಿ ಪಕ್ಕದ ಕಾರ್ಟನ್‌ನಿಂದ ಇನ್ನೊಂದನ್ನು ತೆಗೆದಿಡುವುದು ಗೋದಾಮಿನಲ್ಲಿ ಸಾಮಾನ್ಯ. ಅದನ್ನು ವ್ಯವಸ್ಥೆಗೆ ಹೇಳದೆ ಮಾಡಿದರೆ ಎರಡೂ ಕಾರ್ಟನ್‌ಗಳ ದಾಖಲೆ ಸುಳ್ಳಾಗುತ್ತದೆ. ಕೆಲಸಗಾರರನ್ನು ಬೈಯುವ ಬದಲು, ಬದಲಾಯಿಸಿದ್ದನ್ನು ಎರಡೇ ಸ್ಕ್ಯಾನ್‌ಗಳಲ್ಲಿ ದಾಖಲಿಸುವ ಸೌಕರ್ಯ ಮಾಡಿಕೊಡಿ.

ಪ್ರತಿ ಘಟನೆಯನ್ನು ಇಪಿಸಿಐಎಸ್ ಎಂಬ ಮಾನದಂಡದಲ್ಲಿ ಬರೆದಿಟ್ಟರೆ ಬೇರೆ ಕಂಪನಿಯ ಗಣಕವೂ ಅದನ್ನು ಅರ್ಥಮಾಡಿಕೊಳ್ಳುತ್ತದೆ: ಯಾವ ವಸ್ತು, ಎಲ್ಲಿ, ಯಾವಾಗ, ಏತಕ್ಕೆ. 2022ರ ಎರಡನೆಯ ಆವೃತ್ತಿಯಲ್ಲಿ ಉಷ್ಣಾಂಶದಂಥ ಸಂವೇದಕ ವಿವರಗಳಿಗೂ ಜಾಗ ಸಿಕ್ಕಿದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ಔಷಧಕ್ಕೆ ಕೆಳಗಿನ ಮಿತಿಯ ಎಚ್ಚರಿಕೆಯನ್ನೂ ಇಡಿ. ಬಿಸಿಯನ್ನು ಮಾತ್ರ ಕಾಯುವವರು ಹಲವರು. ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಡುತ್ತದೆ.

ಓದುವ ಜಾಗಗಳನ್ನು ಕಡಿಮೆ ಇಟ್ಟು ಗಟ್ಟಿಯಾಗಿಡಿ. ನೂರು ಪೊಟ್ಟಣ ಬರಬೇಕಿದ್ದ ಕಡೆ ರೀಡರ್ 97 ಎಂದರೆ ‘ಮೂರು ಬಂದಿಲ್ಲ’ ಎಂದೂ ಬರೆಯಬೇಡಿ, ‘ಇದ್ದಿರಲೇಬೇಕು’ ಎಂದೂ ಒಪ್ಪಬೇಡಿ. ಕಾರ್ಟನ್ ತಿರುಗಿಸಿ ಮತ್ತೆ ಓದಿ, ಆಗಲೂ ಬಾರದಿದ್ದರೆ ತೆರೆದು ಮುದ್ರಿತ ಕೋಡ್ ಸ್ಕ್ಯಾನ್ ಮಾಡಿ. ಪಕ್ಕದ ಬಾಗಿಲ ಸರಕನ್ನು ರೀಡರ್ ಓದಿಬಿಡುವುದು ಇದರಷ್ಟೇ ಕೆಟ್ಟದ್ದು. ಶಕ್ತಿಯನ್ನು ತಗ್ಗಿಸಿ, ನಡುವೆ ಲೋಹದ ಪರದೆ ಹಾಕಿ.

ಆಸ್ಪತ್ರೆಯೊಳಗೆ ರೀಡರ್ ಹಾಕುವವರಿಗೆ ಒಂದು ಗಂಭೀರ ಮಾತು. 2008ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಡಚ್ ಅಧ್ಯಯನವೊಂದರಲ್ಲಿ ತೀವ್ರ ನಿಗಾ ಘಟಕದ ಉಪಕರಣಗಳ ಬಳಿ ಇಂಥ ವ್ಯವಸ್ಥೆಗಳನ್ನಿಟ್ಟು 123 ಪರೀಕ್ಷೆಗಳನ್ನು ನಡೆಸಿದಾಗ 34ರಲ್ಲಿ ಅಡಚಣೆ ಕಂಡುಬಂತು. ಅವುಗಳಲ್ಲಿ 22 ಅಪಾಯಕಾರಿ ವರ್ಗದವು. ರೀಡರ್‌ಗಳು ಔಷಧ ಕೊಠಡಿಯಲ್ಲಿ, ಲೋಹದ ಕವಚದ ಪೆಟ್ಟಿಗೆಯೊಳಗೆ ಇರಲಿ. ಹಾಸಿಗೆಯ ಬಳಿ ಇಡಲೇಬೇಕೆಂದರೆ ಅಲ್ಲಿನ ಪಂಪು, ವೆಂಟಿಲೇಟರ್‌ಗಳ ಜೊತೆ ಜೈವಿಕ ವೈದ್ಯಕೀಯ ಎಂಜಿನಿಯರ್‌ರಿಂದ ಪರೀಕ್ಷೆ ಆಗದ ಹೊರತು ಚಾಲನೆ ಬೇಡ.

ಹಂತ 8: ಎಚ್ಚರಿಕೆ ಮೊಳಗಿದಾಗ

ಪರದೆ ಕೆಂಪಾದಾಗ ಏನು ಮಾಡಬೇಕೆಂದು ಒಂದು ಪುಟದಲ್ಲಿ ಬರೆದು ರೀಡರ್‌ನ ಪಕ್ಕದಲ್ಲೇ ಅಂಟಿಸಿ. ಆ ಪೊಟ್ಟಣವನ್ನು ಬೇರೆ ಮಾಡಿ, ಬೀಗ ಇರುವ ಕಪಾಟಿನಲ್ಲಿಡಿ. ಇನ್ನೊಂದು ರೀಡರ್‌ನಿಂದ ಓದಿ. ಮುದ್ರಿತ ಕೋಡ್, ಬ್ಯಾಚ್, ಅವಧಿ, ಮುದ್ರೆಗಳನ್ನು ಕಣ್ಣಾರೆ ನೋಡಿ, ಚಿತ್ರ ತೆಗೆಯಿರಿ. ತಯಾರಕರಿಗೆ ತಿಳಿಸಿ, ಅವರು ನಕಲಿಯೆಂದರೆ ಔಷಧ ನಿಯಂತ್ರಕರಿಗೆ. ಪೂರೈಕೆದಾರನಿಗೆ ಅವಸರದಲ್ಲಿ ವಾಪಸು ಮಾಡಬೇಡಿ, ಮಾಡಿದರೆ ಸಾಕ್ಷ್ಯವನ್ನೇ ಒಪ್ಪಿಸಿದ ಹಾಗೆ.

ಸುಳ್ಳು ಎಚ್ಚರಿಕೆಗಳು ಬಂದೇ ಬರುತ್ತವೆ. 2019ರಲ್ಲಿ ಯುರೋಪಿನ ವ್ಯವಸ್ಥೆ ಆರಂಭವಾದ ಹೊಸತರಲ್ಲಿ ಎಚ್ಚರಿಕೆಗಳ ರಾಶಿಗೆ ಕಾರಣ ನಕಲಿ ಔಷಧವಾಗಿರಲಿಲ್ಲ. ಕಂಪನಿಗಳು ದತ್ತಾಂಶ ಏರಿಸದೇ ಇದ್ದದ್ದು, ಸ್ಕ್ಯಾನರ್ ದೊಡ್ಡ ಅಕ್ಷರವನ್ನು ಚಿಕ್ಕದಾಗಿ ಓದಿದ್ದು ಮುಂತಾದವು. ಸುಳ್ಳು ಎಚ್ಚರಿಕೆ ವಾರಗಟ್ಟಲೆ ಮುಂದುವರಿದರೆ ಸಿಬ್ಬಂದಿ ನಿಜವಾದದ್ದನ್ನೂ ಕಡೆಗಣಿಸುತ್ತಾರೆ. ಹಾಗಾಗಿ ಪ್ರತಿಯೊಂದರ ಕಾರಣವನ್ನೂ ಬರೆದಿಟ್ಟು, ಮೂಲದಲ್ಲೇ ಸರಿಪಡಿಸುವ ಹೊಣೆ ಒಬ್ಬರ ಹೆಸರಿಗೆ ಇರಲಿ.

ಹಂತ 9: ದಾಖಲೆ ಮುಚ್ಚುವುದು

ಔಷಧ ರೋಗಿಗೆ ಕೊಟ್ಟ ಕ್ಷಣದಲ್ಲಿ ಆ ಸಂಖ್ಯೆಯನ್ನು ದತ್ತಸಂಚಯದಲ್ಲಿ ನಿಷ್ಕ್ರಿಯಗೊಳಿಸಿ. ಒಜೆಂಪಿಕ್ ಪ್ರಕರಣದಲ್ಲಿ ಮೋಸ ಹೊರಬಿದ್ದದ್ದು ಆ ಸಂಖ್ಯೆಗಳು ಆಗಲೇ ನಿಷ್ಕ್ರಿಯವಾಗಿದ್ದರಿಂದ. ಸಂಜೆ ಒಟ್ಟಿಗೆ ಮಾಡೋಣ ಎಂದು ಮುಂದೂಡಿದರೆ ನಕಲಿಗೆ ಅಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ. ತಪ್ಪಿ ಮುಚ್ಚಿದ್ದನ್ನು ಮತ್ತೆ ತೆರೆಯುವ ಅವಕಾಶ ಬೇಕು, ಆದರೆ ಮಿತಿಯೊಳಗೆ: ಯುರೋಪಿನಲ್ಲಿ ಅದೇ ಸ್ಥಳದಲ್ಲಿ 10 ದಿನಗಳೊಳಗೆ ಮಾತ್ರ ಹಿಂದೆಗೆದುಕೊಳ್ಳಬಹುದು. ಅವಧಿ ಮುಗಿದವು, ಒಡೆದವು, ಕಳವಾದವು, ಹಿಂದಕ್ಕೆ ಪಡೆದ ಬ್ಯಾಚಿನವು, ಎಲ್ಲವನ್ನೂ ಕಾರಣದೊಡನೆ ಮುಚ್ಚಬೇಕು. ಲೆವೆಮಿರ್‌ನಂಥ ಕಳವಾದಲ್ಲಿ, ಕಳವಾದ ಪ್ರತಿ ಸೀಸೆಯ ಸಂಖ್ಯೆಯೂ ಅಂದೇ ಎಲ್ಲ ಕಡೆ ಕೆಂಪಾಗಬೇಕು.

ರೋಗಿಯ ಗೋಪ್ಯತೆಯೂ ಇಲ್ಲೇ ಬರುತ್ತದೆ. ಜೇಬಿನಲ್ಲಿರುವ ಯುಎಚ್‌ಎಫ್ ಟ್ಯಾಗ್ ಅಪರಿಚಿತನ ರೀಡರ್‌ಗೂ ಉತ್ತರಿಸುತ್ತದೆ. ಎಚ್‌ಐವಿ ಅಥವಾ ಮಾನಸಿಕ ಕಾಯಿಲೆಯ ಔಷಧ ಹಿಡಿದು ಹೋಗುವವರಿಗೆ ಇದು ಸಣ್ಣ ಸಂಗತಿಯಲ್ಲ. ಔಷಧ ಕೊಡುವಾಗಲೇ ಟ್ಯಾಗ್‌ಗೆ ಶಾಶ್ವತವಾಗಿ ಮೌನವಾಗುವ ಆದೇಶ ಕೊಡಿ. ಅದಕ್ಕೆ ಬೇಕಾದ ಪಾಸ್‌ವರ್ಡ್ ಸೊನ್ನೆಯಾಗಿದ್ದರೆ ಟ್ಯಾಗ್ ಆ ಆದೇಶವನ್ನು ಪಾಲಿಸುವುದಿಲ್ಲ ಎಂಬುದು ನೆನಪಿರಲಿ. ತಯಾರಿಕೆಯ ದಿನವೇ ಅದನ್ನು ಗೊತ್ತುಮಾಡಿರಬೇಕು.

ಹಂತ 10: ಹಿಂಪಡೆಯುವ ತಾಲೀಮು

ಯಾವುದಾದರೊಂದು ಬ್ಯಾಚ್ ಆರಿಸಿ, ಅದರ ಪ್ರತಿ ಪೊಟ್ಟಣ ಈಗ ಎಲ್ಲಿದೆಯೆಂದು ವ್ಯವಸ್ಥೆಯನ್ನು ಕೇಳಿ, ಆಮೇಲೆ ಜನರನ್ನು ಕಳಿಸಿ ನಿಜವಾಗಿ ಅಲ್ಲಿದೆಯೇ ನೋಡಿ. ಪಟ್ಟಿಗೂ ಕಪಾಟಿಗೂ ನಡುವೆ ಸಿಗುವ ವ್ಯತ್ಯಾಸಗಳೇ ಮುಂದಿನ ವರ್ಷದ ಕೆಲಸದ ಪಟ್ಟಿ.

ರೋಗಿಗಳಿಗೆ

ಪೆಟ್ಟಿಗೆಯ ಮೇಲೆ ಎನ್‌ಎಫ್‌ಸಿ ಗುರುತಿದ್ದರೆ ಮೊಬೈಲಿನ ಮೇಲ್ಭಾಗವನ್ನು ಅದಕ್ಕೆ ತಾಗಿಸಿ. ತೆರೆದುಕೊಳ್ಳುವ ಪುಟದ ವಿಳಾಸ ತಯಾರಕರದ್ದೇ ಎಂದು ಅಕ್ಷರ ಅಕ್ಷರವಾಗಿ ನೋಡಿ. ಹಸಿರು ಬಣ್ಣದಲ್ಲಿ ‘ಅಸಲಿ’ ಎಂದು ಬರೆದ ಪುಟವನ್ನು ಯಾರು ಬೇಕಾದರೂ ತಯಾರಿಸಬಹುದು. ಪುಟದಲ್ಲಿ ಕಾಣುವ ಬ್ಯಾಚ್ ಸಂಖ್ಯೆ, ಅವಧಿ ಎರಡೂ ಪೆಟ್ಟಿಗೆಯ ಮೇಲಿನದಕ್ಕೆ ಮತ್ತು ಒಳಗಿನ ಸೀಸೆಯ ಮೇಲಿನದಕ್ಕೆ ಹೊಂದಬೇಕು. ನೀವೇ ಮೊದಲು ತೆರೆಯುತ್ತಿರುವ ಪೊಟ್ಟಣವನ್ನು ಆಗಲೇ ತೆರೆದಿದೆ ಎಂದು ಪುಟ ಹೇಳಿದರೆ, ಅಥವಾ ಮುದ್ರೆ ಹರಿದಿದ್ದರೆ, ಬಳಸದೆ ಔಷಧಗಾರರಲ್ಲಿಗೆ ಒಯ್ಯಿರಿ, ಎಸೆಯಬೇಡಿ. ಆದರೆ ವೈದ್ಯರನ್ನು ಕೇಳದೆ ಚಿಕಿತ್ಸೆಯನ್ನು ನಿಲ್ಲಿಸಲೂ ಬೇಡಿ, ಬದಲಿ ಪೊಟ್ಟಣವನ್ನು ಅಂದೇ ಪಡೆಯಿರಿ. ಔಷಧ ಮುಗಿದ ಮೇಲೆ ಸೀಸೆಯನ್ನು ವಿಲೇವಾರಿ ಮಾಡುವ ಮುನ್ನ ಲೇಬಲ್‌ನಲ್ಲಿರುವ ಟ್ಯಾಗನ್ನು ಚಿಪ್‌ನ ಮೇಲೆ ಹಾದುಹೋಗುವಂತೆ ಕತ್ತರಿಸಿ, ಇನ್ನೊಬ್ಬರು ಅದನ್ನು ತುಂಬಿ ಮಾರದಂತೆ.